ಗೋಡೆಯ ನಾಡಿ ಹಿಡಿಯುವ ಉಪ್ಪಕ್ಕ

ಬೆಳಗಿನ ಆರು ಗಂಟೆ. ಸಾಮಾನೆಲ್ಲ ಹೊರಗೆ ಹೋಗಿ ಬೋಳಾದ ಕೋಣೆಯಲ್ಲಿ ಉಪ್ಪಕ್ಕ ಮಂಡಿಯೂರಿ ಕೂತಿದ್ದಾರೆ. ನಿನ್ನೆ ಸಂಜೆ ಗೋಡೆಗೊಂದು ಪ್ಲಾಸ್ಟಿಕ್ ಹಾಳೆಯಿಟ್ಟು, ನಾಲ್ಕೂ ಅಂಚಿಗೆ ಟೇಪು ಅಂಟಿಸಿ ಹೋಗಿದ್ದರು. ಈಗ ಅದನ್ನು ಮೆಲ್ಲಗೆ ಕೀಳುತ್ತಾರೆ. ಒಳಮಗ್ಗುಲ ತುಂಬ ನೀರಹನಿ.

“ಇವತ್ತು ಬಣ್ಣ ಇಲ್ಲ ಮೇಷ್ಟ್ರೇ. ಗೋಡೆ ಒಳಗೊಳಗೇ ಅಳ್ತಿದೆ.”

ಗೋಡೆಗೆ ಬಣ್ಣ ಬರದಿದ್ದರೇನು, ಮನೆಯೊಡೆಯ ಮೇಷ್ಟ್ರ ಮುಖ ಆಗಲೇ ಕೆಂಪು. ಉಬ್ಬಸದ ತಾಯಿ ನಾಳಿದ್ದು ಆಸ್ಪತ್ರೆಯಿಂದ ಬರುತ್ತಾರೆ; ಇದು ಅವರದೇ ಕೋಣೆ. “ಮೇಲೆ ಎರಡು ಕೋಟ್ ಎಳೆದುಬಿಡಮ್ಮ. ಯಾರಿಗೆ ಕಾಣತ್ತೆ?”

“ಫೇಲಾದ ಹುಡುಗನಿಗೆ ಹೊಸ ಅಂಗಿ ಹಾಕಿಸಿ ಪಾಸು ಅಂತೀರಾ? ಎರಡು ತಿಂಗಳಿಗೆ ಬೂಷ್ಟು ಬರುತ್ತೆ. ಅದನ್ನ ಉಸಿರಾಡೋರು ನೀವಲ್ಲ, ನಿಮ್ಮಮ್ಮ.”

“ಬೇರೆಯವರನ್ನ ಕರೆಸ್ತೀನಿ ಬಿಡು!”

“ಕರೆಸಿ. ಈ ಹನಿ ಅವರಿಗೂ ತೋರಿಸಿ.”

ಗೋಡೆಗೆ ಕಿವಿಯಿದೆ ಅನ್ನುತ್ತಾರೆ. ಐವತ್ತೆರಡರ ಉಪ್ಪಕ್ಕ ಅದರ ನಾಡಿಯನ್ನೂ ಹಿಡಿಯುತ್ತಾರೆ. ಗೋಡೆ ಉಜ್ಜುವ ಒರಟು ಉಪ್ಪು ಕಾಗದವೇ ಅವರಿಗೆ ಈ ಹೆಸರು ಕೊಟ್ಟಿದ್ದು. ಹಳೇ ಬಣ್ಣ ಕೆರೆಯುವುದು, ಬಿರುಕು ತುಂಬುವುದು, ಉಜ್ಜುವುದು: ಇಪ್ಪತ್ತಾರು ವರ್ಷದಿಂದ ಇದೇ. ದಿನಕ್ಕೆ ಒಂದೂವರೆ ಗೋಡೆ, ಹನ್ನೆರಡು ಹಾಳೆ ಉಪ್ಪು ಕಾಗದ, ಏಣಿ ಹತ್ತಿಳಿಯುವುದು ಎಂಬತ್ತು ಸಲ. ಸಂಜೆಗೆ ಬಲಭುಜ ಮೇಲೇಳದು. ತಲೆ ಬಾಚುವುದು ಜೊತೆಗೆ ದುಡಿಯುವ ನಾದಿನಿ. ಬಣ್ಣ ಹೊಡೆಯುವವರೂ ಅವರೇ. ಹಾಗಾಗಿ ಹೊಗಳಿಕೆ ನಾದಿನಿಗೆ, ಧೂಳು ಅತ್ತಿಗೆಗೆ.

“ಅತ್ತಿಗೆ ನಮ್ಮಣ್ಣನ ಬೆನ್ನನ್ನೂ ಇಷ್ಟು ಮುದ್ದಾಗಿ ಉಜ್ಜಿಲ್ಲ,” ನಾದಿನಿ ಚುಚ್ಚುತ್ತಾರೆ.

“ನಿಮ್ಮಣ್ಣ ಹುಟ್ಟಾ ನುಣುಪು ಕಣೇ. ಕೆಲಸ ಅಂದ್ರೆ ತಾನೇ ಜಾರ್ತಾರೆ.”

ಹಸಿ ಗೋಡೆಯ ವಿಷಯದಲ್ಲಿ ಇಷ್ಟು ಹಟವೇಕೆ ಎಂದರೆ ಉಪ್ಪಕ್ಕನ ನಗು ನಿಲ್ಲುತ್ತದೆ. “ಒಂದ್ಸಲ ಮಾತಿಗೆ ಸೋತು ಹಸಿ ಗೋಡೆಗೆ ಬಣ್ಣ ಹೊಡೆಸಿಬಿಟ್ಟೆ. ಮಳೆಗಾಲ ಮುಗಿಯೋದ್ರೊಳಗೆ ಗೋಡೆ ಕಪ್ಪು. ಆ ಮನೆ ಮಗೂಗೆ ಬಿಡದ ಕೆಮ್ಮು. ನಾನೇ ಹೋಗಿ ಎಲ್ಲ ಕೆರೆದು ಬಂದೆ. ಕೆಮ್ಮನ್ನ ಕೆರೆಯಕ್ಕಾಗುತ್ತಾ?”

ಇತ್ತ ಮೇಷ್ಟ್ರು, ಉಪ್ಪಕ್ಕನನ್ನು ಸುಳ್ಳು ಮಾಡಲೆಂದೇ, ನಲ್ಲಿ ರಿಪೇರಿಯವರನ್ನು ಕರೆಸುತ್ತಾರೆ. ಗೋಡೆ ಒಡೆದರೆ ಒಳಗೆ ಬಚ್ಚಲಿನ ಪೈಪು ತೊಟ್ಟಿಕ್ಕುತ್ತಿದೆ. ಮೇಷ್ಟ್ರ ಬಾಯಿ ಬಂದ್, ಪೈಪಿನದೂ ಬಂದ್.

ತಾಯಿ ಬಂದವರು ನಡುಮನೆಯ ಮಂಚದಲ್ಲೇ ಉಳಿಯುತ್ತಾರೆ. ಬೇರೆ ಮನೆಯ ಕೆಲಸಕ್ಕೆ ಹೋಗುವ ದಾರಿಯಲ್ಲಿ ಉಪ್ಪಕ್ಕ ದಿನಾ ಬೆಳಿಗ್ಗೆ ಇಲ್ಲಿಗೆ ಬಂದು ಹಾಳೆ ಕಿತ್ತು ನೋಡುತ್ತಾರೆ. ಹನಿ. ಮತ್ತೆ ಹನಿ. ಹತ್ತೊಂಬತ್ತನೇ ದಿನ ಹಾಳೆ ಒಣ ಒಣ. ಆಮೇಲಷ್ಟೇ ಉಜ್ಜು, ಬಣ್ಣ; ವಾಸನೆ ಹೋಗಲೆಂದು ಮತ್ತೊಂದು ವಾರ ಕಿಟಕಿಯೆಲ್ಲ ತೆರೆದು ಗಾಳಿ.

ಇಂದು ಮಧ್ಯಾಹ್ನ ತಾಯಿ ಅದೇ ಗೋಡೆಗೆ ತಲೆಯಿಟ್ಟು ಮಲಗಿದ್ದಾರೆ. ಹೊರಗೆ, ಜಗಲಿಯ ಗೋಡೆ ಉಜ್ಜಿ ಮುಗಿಸಿದ ಉಪ್ಪಕ್ಕ ಏಣಿ ಮಡಚುತ್ತಿದ್ದಾರೆ. ಮೇಷ್ಟ್ರು ಗಂಟಲು ಸರಿಮಾಡಿಕೊಳ್ಳುತ್ತಾರೆ.

“ಅಕ್ಕಾ, ಅವತ್ತು ನಾನು ಏನೇನೋ ಅಂದೆ. ನೀವು ನನ್ನ ಮಾತು ಕೇಳಿಬಿಟ್ಟಿದ್ರೆ...”

“ಶ್! ಮೆಲ್ಲಗೆ ಮೇಷ್ಟ್ರೇ.” ಉಪ್ಪಕ್ಕ ಕಿಟಕಿಯತ್ತ ಕಿವಿಯಿಡುತ್ತಾರೆ. ಧೂಳು ಮೆತ್ತಿದ ಮುಖ ಅರಳುತ್ತದೆ. “ಕೇಳಿಸ್ತಾ? ಕೆಮ್ಮಲ್ಲ, ಗೊರಕೆ!”