ಚಿಗವ್ವ ಗುರುತು ಹಿಡಿದ ರಾಕ್ಷಸ

ಹೋದ ವಾರ ಮನೆಗೆ ಸುಣ್ಣ ಹೊಡೆಯುವವರು ಬಂದಿದ್ದರು. ನೆಲಕ್ಕೆ ಹಾಸಿದ್ದ ಗೋಣಿಚೀಲಗಳನ್ನು ಅಂಗಳದಲ್ಲಿ ಬಿಸಾಕಿ ಹೋದರು. ಮೇಲೆ ನಾಲ್ಕು ಹನಿ ಮಳೆ ಬಿತ್ತು. ಸುಣ್ಣ ಮೆತ್ತಿದ ಗೋಣಿ ನೆನೆದರೆ ಒಂದು ವಾಸನೆ ಬರುತ್ತದೆ, ಅತ್ತ ಹಸಿ ಗೋಡೆಯದೂ ಅಲ್ಲ, ಇತ್ತ ಕೊಳೆತ ಮೇವಿನದೂ ಅಲ್ಲ. ಸೊಸೆ ಮೂಗು ಮುಚ್ಚಿಕೊಂಡು ಓಡಿದಳು. ನಾನು ಕಟ್ಟೆಯ ಮೇಲೆ ಕೂತೇ ಇದ್ದೆ. ವಾಸನೆ ಬಂತೆಂದು ಸೆರಗಿನಿಂದ ಕಣ್ಣೊರೆಸಿಕೊಳ್ಳುವ ಹೆಂಗಸು ನಾನಲ್ಲ. ಆದರೆ ಚಿಗವ್ವ ನೆನಪಾದಳು. ನೆನಪಾದದ್ದನ್ನು ಬರೆದಿಡುತ್ತೇನೆ. ಮೂರನೇ ಜಮಾತಿಗೆ ಸಾಲೆ ಬಿಟ್ಟವಳ ಬರಹ, ತಪ್ಪಿದ್ದರೆ ತಿದ್ದಿಕೊಂಡು ಓದಿ.

ಚಿಗವ್ವ ಅಂದರೆ ನನ್ನ ತಾಯಿಯ ತಂಗಿಯಲ್ಲ. ಸಿಂಧನೂರಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಮಣ್ಣಿನ ಗೋಡೆ. ಅಷ್ಟಕ್ಕೇ ಅವಳು ಚಿಗವ್ವ. ಮಕ್ಕಳಿರಲಿಲ್ಲ. ಗಂಡನ ಅಣ್ಣನ ಮಗಳನ್ನು ತಾನೇ ಎತ್ತಿ ಆಡಿಸಿ ದೊಡ್ಡವಳನ್ನು ಮಾಡಿದ್ದಳು. ಆಕೆಯ ಗಂಡನ ಕುತ್ತಿಗೆ ಎಡಕ್ಕೆ ವಾಲಿತ್ತು. ಸಣ್ಣವನಿದ್ದಾಗ ಬಂಡಿಯಿಂದ ಬಿದ್ದು ಹಾಗಾಗಿತ್ತಂತೆ. ಓಣಿಯ ಹುಡುಗರು ಅಣಕಿಸಿದರೆ ಚಿಗವ್ವ ಸಿಟ್ಟಾಗುತ್ತಿರಲಿಲ್ಲ. "ನನ್ನ ಮಾತು ಛಲೋ ಕೇಳಸ್ಲಿ ಅಂತ ದೇವರ ಹಂಗ ಬಗ್ಗಿಸ್ಯಾನ, ನಿಮಗೇನಾತು?" ಎನ್ನುತ್ತಿದ್ದಳು.

ನಿಜಾಮರ ರಾಜ್ಯ ಮುಗಿಯುವ ಹೊತ್ತಿನ ಆ ಗದ್ದಲದ ವರ್ಷ, ಅವನು ಲಿಂಗಸುಗೂರಿನ ಕಡೆಗೆ ಬಂಡಿ ಹೂಡಿಕೊಂಡು ಹೋದ. ಎತ್ತುಗಳು ತಾವಾಗಿಯೇ ಮನೆಗೆ ಬಂದವು. ಬಂಡಿ ದಾರಿಯಲ್ಲಿ ಮುಗುಚಿ ಬಿದ್ದಿತ್ತು. ಅವನು ಬರಲಿಲ್ಲ. ಮಂದಿ ಬಾಯಿಗೆ ಬಂದದ್ದು ಹೇಳಿದರು. ಆದರೆ ಹೆಣ ಕಂಡವರು ಯಾರೂ ಇಲ್ಲ. ಹಿರಿಯರು ಬಳೆ ಒಡೆಸಲು ಬಂದಾಗ ಚಿಗವ್ವ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, "ಹೆಣ ತೋರಸ್ರಿ, ಒಡಕೋತೀನಿ" ಅಂದಳು. ಅವತ್ತಿನಿಂದ ಅವರ ತಲಬಾಗಿಲಿಗೆ ಅಗಳಿ ಬೀಳಲಿಲ್ಲ. ಹಗಲಾಗಲಿ, ಇರುಳಾಗಲಿ ಬಾಗಿಲು ತೆರೆದೇ ಇರುತ್ತಿತ್ತು.

ಹೀಗೆ ವರ್ಷಗಳು ಹೋದವು. ಎತ್ತಿ ಆಡಿಸಿದ ಆ ಹುಡುಗಿ ಮದುವೆಗೆ ಬಂದಳು. ಜವಳಗೇರಾದಿಂದ ಒಳ್ಳೆಯ ಸಂಬಂಧ ಬಂತು. ಬಂದವರು ಒಂದೇ ಮಾತು ಹೇಳಿ ಎದ್ದರು. ಸತ್ತವನಿಗೆ ಮಣ್ಣು ಕೊಡದ ಮನೆಯಿಂದ ಹೆಣ್ಣು ತರುವುದಿಲ್ಲ, ಆ ಮನೆಗೆ ಸೂತಕ ಕಳೆದಿರುವುದಿಲ್ಲ ಎಂದರು. ಅದಕ್ಕೆ ದಾರಿ ಇಲ್ಲದೆ ಇರಲಿಲ್ಲ. ಹೆಣ ಸಿಗದವನ ಹೆಸರಿನಲ್ಲಿ ಜೋಳದ ದಂಟಿನ ಗೊಂಬೆ ಕಟ್ಟಿ, ಧೋತರ ಸುತ್ತಿ, ಮಣ್ಣು ಕೊಡುತ್ತಾರೆ. ಅದರ ಮೇಲೆ ಹೆಂಡತಿ ಬಳೆ ಒಡೆಯಬೇಕು. ಒಮ್ಮೆ ಮಣ್ಣು ಕೊಟ್ಟರೆ ಮುಗಿಯಿತು. ಮುಂದೆ ಅವನು ಜೀವಂತ ಬಂದು ನಿಂತರೂ ಮನೆಯೊಳಗೆ ಕರೆಯುವ ಹಾಗಿಲ್ಲ. ಸತ್ತವನ ಲೆಕ್ಕ.

ಚಿಗವ್ವ ಒಪ್ಪಲಿಲ್ಲ. ಅವಳ ಭಾವ, ಅಂದರೆ ಆ ಹುಡುಗಿಯ ತಂದೆ, ಕೆಟ್ಟವನೇನಲ್ಲ. ಹೋದವನು ಅವನ ಒಡಹುಟ್ಟಿದ ತಮ್ಮನೇ. ಆದರೆ ಮಗಳ ಮುಖ ದಿನಾ ನೋಡಬೇಕಲ್ಲ. ಹುಡುಗಿ ಚಿಗವ್ವನ ತೊಡೆಯ ಮೇಲೆ ತಲೆಯಿಟ್ಟು ಅಳುವುದು ಗೋಡೆಯ ಈಚೆಗೆ ನಮಗೆ ಕೇಳಿಸುತ್ತಿತ್ತು. ಇಬ್ಬರೂ ಅಳುತ್ತಿದ್ದರು. ಒಬ್ಬರ ದುಃಖ ಇನ್ನೊಬ್ಬರ ಕೊರಳಿಗೆ ಉರುಲು...

ಅದೇ ಹೊತ್ತಿಗೆ ಸಿಂಧನೂರಿಗೆ ಟೆಂಟಿನ ಸಿನಿಮಾ ಬಂತು. ಕಾಲುವೆ ಅಗೆಯುವ ಕೆಲಸಕ್ಕೆ ಎಲ್ಲೆಲ್ಲಿಂದಲೋ ಮಂದಿ ಬಂದು ಬಿದ್ದಿದ್ದರು, ಅವರನ್ನು ನೆಚ್ಚಿ ಬಂದದ್ದು. ಮದ್ರಾಸಿನ ಯಾವುದೋ ಕಂಪನಿಯ ಮಾಯಾಮಂತ್ರದ ಪಿಚ್ಚರು. ನಮ್ಮ ಕಡೆಯವರೆಲ್ಲ ಮುಗಿಬೀಳಲು ಕಾರಣ ಬೇರೆ. ಅದರಲ್ಲಿ ರಾಕ್ಷಸನ ಗುಡ್ಡ ಅಂತ ತೋರಿಸಿದ್ದು ಮಸ್ಕಿಯ ಆಚೆಗಿನ ಕಲ್ಲುಗುಡ್ಡ. ಹಿಂದಿನ ವರ್ಷ ಕಂಪನಿಯವರು ಬಿದಿರು, ಗೋಣಿ, ಸುಣ್ಣ ಹೇರಿಕೊಂಡು ಹೋಗಿ ಅಲ್ಲಿ ಬೀಡು ಬಿಟ್ಟಿದ್ದರು. ಸುತ್ತಲಿನ ಹಳ್ಳಿಯವರನ್ನೇ ಕರೆದು ರಾಕ್ಷಸರನ್ನಾಗಿ ಮಾಡಿದ್ದರು.

ನಮ್ಮ ಓಣಿಯ ಹೆಂಗಸರೆಲ್ಲ ಹೋದೆವು. ರಾಜಕುಮಾರಿಯನ್ನು ಗವಿಯಲ್ಲಿ ಕೂಡಿಹಾಕಿದ್ದರು. ಗುಡ್ಡದ ನೆತ್ತಿಯ ಉದ್ದಕ್ಕೂ ಕೋಡು ಕಟ್ಟಿಕೊಂಡ ರಾಕ್ಷಸರ ದಂಡು ನಿಂತಿತ್ತು. ನನ್ನ ಮಗ್ಗುಲಲ್ಲಿದ್ದ ಚಿಗವ್ವ ದಿಗ್ಗನೆ ಎದ್ದಳು.

"ಅಗೋ... ನಮ್ಮವರು!"

"ಏ ಕುಂದ್ರಬೇ, ಪಡದೆ ಕಾಣವಲ್ದು!" ಎಂದು ಹಿಂದಿನವನೊಬ್ಬ ಕೂಗಿದ.

"ನಮ್ಮವರೋ ಯಪ್ಪಾ, ಆ ತುದಿ ಕಲ್ಲಿನ ಮ್ಯಾಲ ನಿಂತಾರ, ನೋಡ್ರಿ!"

"ನಿನ್ನ ಗಂಡ ರಾಕ್ಷಸ ಆಗ್ಯಾನೇನು? ಹಂಗಾದ್ರ ನೀ ಯಾರಬೇ?"

ಟೆಂಟು ತುಂಬ ನಗೆ. ನಾನು ಮಾತ್ರ ನಗಲಿಲ್ಲ. ಸಾಲಿನ ತುದಿಯ ಬಂಡೆಯ ಮೇಲೆ ಒಬ್ಬ ನಿಂತಿದ್ದ. ದೂರ, ಕಪ್ಪಗೆ. ಮುಖ ಕಾಣುತ್ತಿರಲಿಲ್ಲ. ಕುತ್ತಿಗೆ ಮಾತ್ರ ಎಡಕ್ಕೆ ವಾಲಿತ್ತು, ಯಾರದೋ ಮಾತು ಕೇಳುವ ಹಾಗೆ.

ಮರುದಿನ ಭಾವ ಹೋಗಿ ನೋಡಿ ಬಂದ. ಹಿರಿಯರು ಸೇರಿದರು. "ಕುತ್ತಿಗಿ ಅವನದ ಐತಿ, ನಾ ಸುಳ್ಳ ಹೇಳಂಗಿಲ್ಲ" ಎಂದು ಅವನೇ ಒಪ್ಪಿದ. ಚಿಗವ್ವ ದೇವರ ಮುಂದಿನ ವಿಭೂತಿ ಗಟ್ಟಿ ಹಿಡಿದು ಎಲ್ಲರೆದುರು ಹೇಳಿದಳು: "ಆ ಕಲ್ಲಿನ ಮ್ಯಾಲ ನಿಂತಾಂವ ನನ್ನ ಗಂಡ. ವಿಭೂತಿ ಮುಟ್ಟೀನಿ. ಈ ಮಾತು ತಪ್ಪಂಗಿಲ್ಲ."

"ಹೋಗಿ ಹುಡುಕೂಣು" ಅಂದ ಭಾವ. "ಸಿಕ್ರ ಹೆಗಲ ಮ್ಯಾಲ ಹೊತ್ಕೊಂಡು ಬರ್ತೀನವ್ವಾ. ಸಿಗಲಿಲ್ಲಂದ್ರ?"

"ಸಿಗತಾರ."

ಜೊತೆಗೊಂದು ಹೆಣ್ಣು ಇರಲಿ ಎಂದು ನನ್ನನ್ನೂ ಬಂಡಿಯಲ್ಲಿ ಕೂರಿಸಿಕೊಂಡರು. ಸೀರೆ ಉಡುವುದು ನನಗೆ ಆಗಷ್ಟೇ ರೂಢಿಯಾಗಿತ್ತು. ಚಿಗವ್ವ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿದಳು. ಗಂಡನ ಧೋತರ ಒಗೆದು ಮಡಚಿಟ್ಟುಕೊಂಡಳು. ಯಾವ ಬಟ್ಟೆಯಲ್ಲಿದ್ದಾನೋ ಏನೋ, ಊರೊಳಗೆ ಬರುವಾಗ ಮೈಮೇಲೆ ನೆಟ್ಟಗಿನದು ಇರಲಿ ಅಂದಳು. ದಾರಿಯುದ್ದ ಅವಳು ಮಾತಾಡಿದ್ದೇ ಮಾತಾಡಿದ್ದು, ನಕ್ಕದ್ದೇ ನಕ್ಕದ್ದು. ಅಷ್ಟು ನಕ್ಕದ್ದನ್ನು ನಾನು ಅದಕ್ಕೆ ಮುಂಚೆಯೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

ಮಸ್ಕಿಯಲ್ಲಿ ತಂಗಿ, ಬೆಳಿಗ್ಗೆ ಗುಡ್ಡದ ಬುಡಕ್ಕೆ ಹೋದೆವು. ಚಂದದ ಜಾಗ, ಇಲ್ಲ ಅನ್ನಬಾರದು. ಒಂದರ ಮೇಲೊಂದು ಪೇರಿಸಿಟ್ಟ ಹಾಗೆ ದೊಡ್ಡ ದೊಡ್ಡ ಬಂಡೆ, ನಡುವೆ ಸೀತಾಫಲದ ಗಿಡ, ಮುಳ್ಳುಕಂಟಿ. ಮನುಷ್ಯರ ಸದ್ದಿಲ್ಲ. ಅಲ್ಲಿ ಆಡು ಕಾಯುವ ಮುದುಕನೊಬ್ಬ ನಮ್ಮನ್ನು ಕಂಡದ್ದೇ ಎದ್ದು ಬಂದ. ಪಿಚ್ಚರು ನೋಡಿದ ಮಂದಿ ಜಾಗ ನೋಡಲು ಬರುತ್ತಿದ್ದರಂತೆ, ತೋರಿಸುವುದು ಅವನಿಗೆ ರೂಢಿಯಾಗಿತ್ತು.

"ಬರ್ರಿ, ಇದು ರಾಜಕುಮಾರಿ ಗವಿ. ಈಗ ನಮ್ಮ ಆಡಿಂದು. ತಲಿ ಬಗ್ಗಿಸಿ ನೋಡ್ರಿ, ಹಿಕ್ಕಿ ಬಿದ್ದಾವು, ತುಳದೀರಿ."

ಗವಿಯೆಂದರೆ ಬಿದಿರಿಗೆ ಗೋಣಿ ಹೊದಿಸಿ, ಮೇಲೆ ಸುಣ್ಣ, ಮಸಿ ಬಳಿದದ್ದು. ಒಂದು ಕಡೆ ಹರಿದು ಆಕಾಶ ಕಾಣುತ್ತಿತ್ತು. ಹಿಂದಿನ ರಾತ್ರಿಯ ಮಳೆಗೆ ನೆನೆದು ನಾರುತ್ತಿತ್ತು. ಪರದೆಯ ಮೇಲೆ ಅದೇ ಗವಿ ಕಂಡು ನಾನು ಬೆವತಿದ್ದೆ.

"ರಾಕ್ಷಸರಾದವರು ಯಾವೂರವರು, ಯಪ್ಪಾ?" ಎಂದು ಚಿಗವ್ವ ಕೇಳಿದಳು.

"ನಾವ ರೀ! ನನಗೂ ಕೋಡು ಕಟ್ಟಿದ್ರು. ಹಂಗ ಮನಿಗಿ ಹ್ವಾದೆ. ನನ್ನ ಹೆಂಡ್ತಿ ನೋಡಿ, ‘ಇವತ್ತ ನಿನ್ನ ಖರೇ ರೂಪ ಕಾಣಾಕತ್ತೈತಿ’ ಅಂದ್ಳು."

"ಅದರಾಗ ಒಬ್ರು... ಕುತ್ತಿಗಿ ಹಿಂಗ ಎಡಕ್ಕ..."

ಕೈಯಿಂದ ತೋರಿಸುತ್ತ ಹಾಗೇ ತಲೆಯೆತ್ತಿ ನೋಡಿದಳು. ನಾನೂ ನೋಡಿದೆ. ಗುಡ್ಡದ ನೆತ್ತಿಯಲ್ಲಿ, ಅದೇ ತುದಿಯ ಬಂಡೆಯ ಮೇಲೆ, ಅವನು ನಿಂತಿದ್ದ. ಪರದೆಯ ಮೇಲೆ ಕಂಡ ಹಾಗೆಯೇ, ಕುತ್ತಿಗೆ ಎಡಕ್ಕೆ ವಾಲಿಸಿಕೊಂಡು.

ಚಿಗವ್ವ ಓಡಿದಳು. ಗಂಡನ ಹೆಸರು ಹೇಳಬಾರದಲ್ಲ, "ರೀ... ಏನ್ರೀ..." ಎಂದು ಕೂಗುತ್ತ, ಕೈಕಾಲು ಊರಿ ಬಂಡೆ ಹತ್ತಿದಳು. ಮುಳ್ಳಿಗೆ ಸೀರೆ ಹರಿಯಿತು. ಹಿಂದಿನಿಂದ ಮುದುಕ, "ತಂಗೀ, ಮ್ಯಾಲ ಯಾರೂ ಇಲ್ಲಬೇ!" ಎಂದು ಕೂಗಿದ. ಅವಳು ಕೇಳುವ ಸ್ಥಿತಿಯಲ್ಲಿರಲಿಲ್ಲ. ನಾನು ಅವಳ ಹಿಂದೆ ಏದುಸಿರು ಬಿಡುತ್ತ ಹತ್ತಿದೆ.

ಜೋಳದ ದಂಟು. ದಂಟಿನ ಸಿವುಡಿಗೆ ಗೋಣಿ ಸುತ್ತಿ, ಸುಣ್ಣ, ಮಸಿ ಬಳಿದು, ಗೂಟಕ್ಕೆ ಕಟ್ಟಿ ನಿಲ್ಲಿಸಿದ್ದರು. ತಲೆಯ ಬುಡದ ಹಗ್ಗ ಸಡಿಲಾಗಿ ಕುತ್ತಿಗೆ ಎಡಕ್ಕೆ ವಾಲಿತ್ತು. ಅಷ್ಟೇ.

ಹಿಂದೆ ಹತ್ತಿ ಬಂದ ಮುದುಕ ಹೇಳಿದ. ದಂಡಿಗೆ ಮಂದಿ ಸಾಲದೆ ಬಂದಾಗ ಕಂಪನಿಯವರು ದೂರದಲ್ಲಿ ಗೊಂಬೆ ನಿಲ್ಲಿಸಿದ್ದರಂತೆ. ಕೆಳಗಿನವನ್ನೆಲ್ಲ ಆಡುಗಳು ತಿಂದಿದ್ದವು. ಇಷ್ಟು ಮೇಲಕ್ಕೆ ಅವನು ಅವನ್ನು ಬಿಡದೆ ಇದೊಂದು ಉಳಿದಿತ್ತು. ಹೇಳಿ, ನಮ್ಮ ಮುಖ ನೋಡಿ, ಏನೋ ತಿಳಿದವನಂತೆ ಸುಮ್ಮನೆ ಇಳಿದುಹೋದ.

ಚಿಗವ್ವ ಅಳಲಿಲ್ಲ. ಗೊಂಬೆಯ ಎದುರು ಕೂತು, "ನಿನಗೂ ಹಂಗ ಕಂಡ್ರಲ್ಲ ಪಡದೆ ಮ್ಯಾಲ?" ಎಂದು ನನ್ನನ್ನು ಕೇಳಿದಳು. ಹೌದು ಅಂದೆ. ಕಂಡದ್ದು ನಿಜವೇ.

ಭಾವನೂ ಹತ್ತಿ ಬಂದು ಗೊಂಬೆಯ ಕುತ್ತಿಗೆಯ ಹಗ್ಗ ಮುಟ್ಟಿ ನೋಡಿದ. ಆಮೇಲೆ ಅವಳ ಮುಖ ನೋಡದೆ ಹೇಳಿದ:

"ವಿಭೂತಿ ಮುಟ್ಟಿ ಏನಂದಿ, ನೆನಪೈತೇನವ್ವಾ? ಈ ಕಲ್ಲಿನ ಮ್ಯಾಲ ನಿಂತಾಂವ ನನ್ನ ಗಂಡ ಅಂದಿ. ನಿಂತಾಂವ ಇಂವನ. ದಂಟಿನ ಗೊಂಬಿ ನಾ ಕಟ್ಟಿದ್ದಲ್ಲ. ನೀನ ಗುರುತು ಹಿಡದಿ."

"ಭಾವ, ಇದು ಹುಲ್ಲು ರೀ."

"ಹೌದು. ನಾವು ಊರಾಗ ಕಟ್ಟಿದ್ರೂ ಹುಲ್ಲ ಇರತಿತ್ತು." ಅವನು ಊರಿನ ಕಡೆ ಕೈ ತೋರಿಸಿದ. "ನಿನ್ನ ಕೈಯಾಗ ಬೆಳದ ಕೂಸು ಅದು. ಮನಿಯಾಗ ಕೊಳೀಲೇನು?"

ಚಿಗವ್ವ ಗಾಳಿಗೆ ಅಲುಗುವ ಆ ತಲೆಯನ್ನು ನೋಡುತ್ತ ಕೂತಳು. ಬಿಸಿಲೇರಿತು. ಕೊನೆಗೆ ಎದ್ದು, ಗಂಟು ಬಿಚ್ಚಿ, ಒಗೆದು ತಂದಿದ್ದ ಧೋತರ ಭಾವನ ಕೈಗೆ ಕೊಟ್ಟಳು. ಬೇಡವೆಂದು ಹೇಳಲಿ ಎಂದು ನನಗೆ ಒಳಗೇ ಅನಿಸುತ್ತಿತ್ತು. ಅವಳು ಹೇಳಲಿಲ್ಲ.

ಗುಡ್ಡದ ಬುಡದಲ್ಲಿ, ಮೆತ್ತನೆ ಮಣ್ಣಿರುವಲ್ಲಿ, ಭಾವ ಮುದುಕನ ಗುದ್ದಲಿ ಇಸಿದುಕೊಂಡು ಕುಣಿ ತೋಡಿದ. ಗೊಂಬೆ ಇಳಿಸುವಾಗ ತಲೆ ಅಂಚಿಗೆ ತಾಗಿ ಅಡ್ಡ ಬಂತು. ಅವನು ಕೈ ಹಾಕಿ ನೆಟ್ಟಗೆ ಮಾಡಲು ಹೋದ.

"ಸೀದಾ ಮಾಡಬ್ಯಾಡ್ರಿ" ಅಂದಳು ಚಿಗವ್ವ. "ಅವರಿಗೆ ನೋಯ್ತೈತಿ."

ಭಾವ ಕೈ ಹಿಂದಕ್ಕೆಳೆದು, ಅಲ್ಲೇ ಕುಕ್ಕರಿಸಿ ಬಿಕ್ಕಿದ. ಗಂಡಸು ಹಾಗೆ ಅತ್ತದ್ದನ್ನು ನಾನು ಆಗಲೇ ಮೊದಲು ಕಂಡದ್ದು. ಆಮೇಲೆ ಎದ್ದು ಕುಣಿಯನ್ನು ಇನ್ನಷ್ಟು ಅಗಲ ಮಾಡಿದ. ಮಣ್ಣು ಎಳೆದ ಮೇಲೆ ಚಿಗವ್ವ ಕಲ್ಲಿಗೆ ಕೈ ಬಡಿದು ಬಳೆ ಒಡೆದುಕೊಂಡಳು. ಹಸಿರು ಬಳೆ. ಒಂದು ಒಡೆಯದೆ ಉಳಿಯಿತು, ಅದನ್ನು ಇನ್ನೊಂದು ಕಲ್ಲು ತಂದು ಜಜ್ಜಿದಳು. ಕಟ್ಟಿ ತಂದ ರೊಟ್ಟಿ ಮುದುಕನಿಗೆ ಕೊಟ್ಟು ಬಂಡಿ ಹತ್ತಿದೆವು.

ಮದುವೆ ಆಯಿತು. ಚೆನ್ನಾಗಿಯೇ ಆಯಿತು. ಅರಿಷಿಣ ಹಚ್ಚುವಾಗ ಎತ್ತಿ ಆಡಿಸಿದವಳು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದಳು. ವಿಧವೆ ಮುಂದೆ ಬರುವ ಹಾಗಿರಲಿಲ್ಲ. ಹುಡುಗಿ ಗಂಡನ ಮನೆಗೆ ಹೋಗುವಾಗ ಅವಳ ಕಡೆ ಕತ್ತೆತ್ತಿಯೂ ನೋಡಲಿಲ್ಲ. ನೋಡಬೇಡ ಎಂದು ಯಾರೋ ಹೇಳಿದ್ದರಂತೆ...

ಆಮೇಲೆ ಆದದ್ದನ್ನು ನಾನು ಯಾರಿಗೂ ಹೇಳಿದವಳಲ್ಲ. ಅಷ್ಟು ವರ್ಷ ತೆರೆದಿದ್ದ ತಲಬಾಗಿಲಿಗೆ ಚಿಗವ್ವ ಅಗಳಿ ಹಾಕತೊಡಗಿದಳು. ಹೊತ್ತು ಮುಳುಗುವ ಮುಂಚೆಯೇ. ಹೊರಗೆ ನಾಯಿ ಬೊಗಳಿದರೆ ಎದ್ದು ಹೋಗಿ ಅಗಳಿ ಮುಟ್ಟಿ ನೋಡುತ್ತಿದ್ದಳು. ಒಮ್ಮೆ ನಾನು ಜೋಳ ಹಸನು ಮಾಡಲು ಹೋಗಿದ್ದೆ. ಯಾರೋ ಬಾಗಿಲು ಬಡಿದರು. ಅವಳು ನನ್ನ ಮೊಣಕೈ ಹಿಡಿದುಬಿಟ್ಟಳು, ಉಗುರು ಇಳಿಯುವ ಹಾಗೆ.

"ಯಾಕ ಚಿಗವ್ವಾ?"

"ಅವರ ಬಂದಿದ್ರ?" ಅಂದಳು. "ಒಳಗ ಬರ್ರಿ ಅನ್ನಾಕ ಬರಂಗಿಲ್ಲ ಈಗ. ಮಣ್ಣು ಕೊಟ್ಟು ಬಂದೀನಿ. ಏನಂತ ಹೇಳ್ಲಿ ಅವರಿಗೆ, ಹೊಸ್ತಿಲದಾಗ ನಿಂದ್ರಿಸಿ?"

ಬಾಗಿಲು ಬಡಿದದ್ದು ಮೊಸರು ಮಾರುವವಳು.

ಚಿಗವ್ವ ಹೆಚ್ಚು ಕಾಲ ಬಾಳಲಿಲ್ಲ. ನನ್ನ ಮದುವೆಯಾಗಿ ಎರಡನೇ ಹೆರಿಗೆಗೆ ತವರಿಗೆ ಬಂದಾಗ ಗೋಡೆಯ ಆಚೆ ಸದ್ದಿರಲಿಲ್ಲ. ಜ್ವರ ಬಂದು ಹೋದಳಂತೆ. ಗಂಡನ ಮಗ್ಗುಲಿಗೆ ಮಣ್ಣು ಮಾಡುವುದು ನಮ್ಮ ವಾಡಿಕೆ, ಅವಳ ಗಂಡನ ಮಗ್ಗುಲು ಯಾವುದೆಂದು ಯಾರಿಗೂ ಹೇಳಲಾಗಲಿಲ್ಲ. ಊರ ರುದ್ರಭೂಮಿಯ ಒಂದು ಮೂಲೆಯಲ್ಲಿ ಒಬ್ಬಳನ್ನೇ ಇಟ್ಟರು. ಕಾಲುವೆ ನೀರು ಬಂತು, ಭತ್ತ ಬಂತು, ಊರು ಹಿಗ್ಗಿತು. ಆ ಮೂಲೆ ಈಗ ಯಾವುದೋ ಗುರುತು ಸಿಗುವುದಿಲ್ಲ. ಹುಡುಕಲು ನಾನೂ ಹೋಗಿಲ್ಲ, ಮೊಣಕಾಲು ಬಾರದು.

ಅವಳ ಗಂಡ ಎಲ್ಲಿ ಬಿದ್ದನೋ, ಬಿದ್ದನೋ ಇಲ್ಲವೋ, ಇವತ್ತಿನವರೆಗೂ ಗೊತ್ತಾಗಲಿಲ್ಲ. ಬದುಕಿದ್ದರೂ ಇಷ್ಟೊತ್ತಿಗೆ ಸತ್ತಿರುತ್ತಾನೆ. ಇನ್ನು ಅವನು ಬಂದಾನು ಎಂದು ಯಾರೂ ಅಂಜಬೇಕಾಗಿಲ್ಲ.