ದೋಣಿ ತಂಗಲು ಒಂದು ಜಾಗ

ಮಿರಜಿನ ಕಣ್ಣಿನ ಡಾಕ್ಟರು ಅತ್ತೆಯ ಎದುರಿಗೇ ಹೇಳಿಬಿಟ್ಟರು. ಹೋದ ದೃಷ್ಟಿ ತಿರುಗಿ ಬರುವುದಿಲ್ಲ, ಉಳಿದದ್ದೂ ಬಹಳ ಕಾಲ ನಿಲ್ಲುವ ಹಾಗಿಲ್ಲ. ನನ್ನ ಗಂಡ ನೆಲ ನೋಡುತ್ತ ಕೂತರು. ಅತ್ತೆ ಮಾತ್ರ ಸೆರಗು ಸರಿಮಾಡಿಕೊಂಡು ಊರಿಗೆ ಬಸ್ಸು ಯಾವಾಗ ಎಂದು ಕೇಳಿದರು. ಬಿಳೂರಿಗೆ ಬಂದು ಚಹಾ ಕುಡಿದ ಮೇಲೆ ನನ್ನನ್ನು ಹತ್ತಿರ ಕರೆದರು.

“ಹೊತ್ತು ಮುಳುಗೂದನ್ನ ಇಷ್ಟು ವರ್ಷ ಮಣ್ಣಾಗ ನೋಡೀನಿ. ಒಮ್ಮಿ ನೀರಾಗ ಮುಳುಗೂದು ನೋಡಬೇಕವ್ವಾ.”

ಸಮುದ್ರದ ದಂಡೆಯ ಮೇಲೆ ನಿಂತು ನೋಡಿದರಾಗದೇ ಎಂದೆ. ಆಗದಂತೆ. ಅದನ್ನು ಟೀವಿಯಲ್ಲೇ ನೋಡಿದ್ದಾರಂತೆ, ಈಗ ನೀರಿನ ಮೇಲೆ ಕೂತೇ ನೋಡಬೇಕಂತೆ. ಮದುವೆ, ಸಂತೆ, ಆಸ್ಪತ್ರೆ ಬಿಟ್ಟರೆ ಊರು ದಾಟದ ಹೆಂಗಸಿಗೆ ಈ ಹಟ ಎಲ್ಲಿಂದ ಬಂತೆಂದು ಸಿಟ್ಟು ಬಂತು. ಒಳಗೆ ಹೋಗಿ ಅತ್ತುಬಿಟ್ಟೆ.

ನಾನು ಊರಿನ ಕನ್ನಡ ಶಾಲೆಯ ಶಿಕ್ಷಕಿ. ಜೊತೆಗೆ ಕೆಲಸ ಮಾಡುವವರೊಬ್ಬರು, ಕೊಂಕಣದಲ್ಲಿ ಹಾಯಿದೋಣಿ ಬಾಡಿಗೆಗೆ ಸಿಗುತ್ತದೆ, ಒಳಗೇ ಮಲಗುವುದು, ಒಳಗೇ ಅಡುಗೆ ಎಂದು ಹೇಳಿದರು. ಫೋನು ಮಾಡಿದೆ. ದೋಣಿಯವನು ಮರಾಠಿಯಲ್ಲಿ ಒಳ್ಳೆಯ ಮಾತಿನಿಂದಲೇ ಹೇಳಿದ. ರಾತ್ರಿ ಎಲ್ಲೆಲ್ಲಿ ತಂಗಬೇಕೆಂದು ನೀವೇ ನಕ್ಷೆಯಲ್ಲಿ ನೋಡಿ ಹೇಳಿ, ಆಗುತ್ತದೋ ಇಲ್ಲವೋ ನಾನು ಹೇಳುತ್ತೇನೆ. ಆದರೆ ಹೊತ್ತು ಮುಳುಗುವ ಮೊದಲೇ ಲಂಗರು ಹಾಕಿರಬೇಕು, ಬಂಡೆಗಳ ನಡುವೆ ಕತ್ತಲಲ್ಲಿ ದೋಣಿ ನಡೆಸುವುದಿಲ್ಲ. ಅಂದರೆ ಅತ್ತೆಗೆ ಬೇಕಾದದ್ದು ನಾವು ರಾತ್ರಿ ತಂಗುವ ಜಾಗದಿಂದಲೇ ಕಾಣಬೇಕು. ಇಷ್ಟೇ ತಾನೆ ಅಂದುಕೊಂಡೆ.

ನಕ್ಷೆಯಲ್ಲಿ ಪಶ್ಚಿಮಕ್ಕೆ ಬಯಲಾಗಿರುವ, ಬಿಳಿ ಉಸುಕಿನ ದಂಡೆಯೊಂದನ್ನು ಆರಿಸಿ ಹೆಮ್ಮೆಯಿಂದ ಹೇಳಿದೆ. ಅವನು ನಕ್ಕುಬಿಟ್ಟ. ನಮ್ಮ ಕಡೆ ಮಾಡಗ್ಯಾಳದ ಕುರಿಗಾರರು ಹಿಂಡು ನಿಲ್ಲಿಸುವಾಗ ಮೊದಲು ನೋಡುವುದೇ ಬಯಲನ್ನು. ತೋಳ ಬಂದರೆ ದೂರದಿಂದಲೇ ಕಾಣಬೇಕಲ್ಲ. ಸಣ್ಣಂದಿನಿಂದ ಅದನ್ನೇ ನೋಡಿದ ನಾನು ದೋಣಿಯನ್ನೂ ಬಯಲಿನಲ್ಲಿ ನಿಲ್ಲಿಸಲು ಹೊರಟಿದ್ದೆ. ಸಮುದ್ರದಲ್ಲಿ ಬಯಲೇ ವೈರಿ, ಅಲ್ಲಿ ಗಾಳಿಗೂ ತೆರೆಗೂ ಬೆನ್ನು ಮಾಡಿ ಅಡಗಿ ಕೂರಬೇಕು ಎಂದ. ಗಾಳಿ ಬರುವುದು ಪಶ್ಚಿಮದ ಕಡೆಯಿಂದ. ಹೊತ್ತು ಮುಳುಗುವುದೂ ಅದೇ ಕಡೆ. ನನಗೆ ಫೋನು ಎತ್ತಿ ಗೋಡೆಗೆ ಒಗೆಯಬೇಕೆನ್ನಿಸಿತು.

ಆಮೇಲೆ ಶಾಲೆ ಬಿಟ್ಟ ತಕ್ಷಣ ಮಾಳಿಗೆ ಹತ್ತಿ ನಕ್ಷೆ ಹಿಡಿದು ಕೂರುವುದೇ ಆಯಿತು. ಸಮುದ್ರ ನೆಲದೊಳಗೆ ಚಾಚಿದ ಒಂದು ಖಾಡಿಯ ಒಳಗೆ ನೀರು ಏರಿದಾಗ ಮಾತ್ರ ಹೋಗಬಹುದು. ಇನ್ನೊಂದರಲ್ಲಿ ತಳದಲ್ಲಿ ಬರೀ ಬಂಡೆ, ಲಂಗರು ಕಚ್ಚುವುದಿಲ್ಲ. ಮತ್ತೊಂದರಲ್ಲಿ ಎಲ್ಲ ಚಲೋ, ಆದರೆ ಸುತ್ತ ಗುಡ್ಡ, ಸೂರ್ಯ ಕಾಣುವುದಿಲ್ಲ. ನಾನು ಕೆಳಗಿಳಿದು ಬಂದಾಗಲೆಲ್ಲ ಅತ್ತೆ ಬಾಗಿಲಿನ ಕಡೆ ಮುಖ ಮಾಡಿ ಕೂತಿರುತ್ತಿದ್ದರು. ಏನನ್ನೂ ಕೇಳುತ್ತಿರಲಿಲ್ಲ. ಅದೊಂದನ್ನು ನನ್ನಿಂದ ತಡೆಯಲಾಗುತ್ತಿರಲಿಲ್ಲ. ಆ ದಿನಗಳಲ್ಲೇ ಅವರು ತಟ್ಟೆಯ ಅಂಚು ತಡವಿ ರೊಟ್ಟಿ ಹುಡುಕಲು ಶುರುಮಾಡಿದ್ದರು.

ಕೊನೆಗೆ ದೋಣಿಯವನೇ ಒಂದು ಜಾಗ ಹೇಳಿದ. ಗಾಳಿಗೆ ಗುಡ್ಡ ಅಡ್ಡ, ಪಶ್ಚಿಮಕ್ಕೆ ಮಾತ್ರ ಒಂದು ಕಿಂಡಿ. ಯುಗಾದಿ ದಾಟಿದರೆ ಸೂರ್ಯ ಉತ್ತರಕ್ಕೆ ಸರಿದು ಗುಡ್ಡದ ಹಿಂದೆ ಮುಳುಗುತ್ತಾನೆ, ಬರುವುದಾದರೆ ಈಗಲೇ ಬನ್ನಿ. ಆದರೆ ಅದು ಮೀನುಗಾರರ ಬಂದರು. ದಂಡೆಯ ತುಂಬ ಮೀನು ಒಣಹಾಕಿರುತ್ತಾರೆ.

ಅತ್ತೆಯ ಕೊರಳಲ್ಲಿ ಲಿಂಗ. ನಮ್ಮ ಮನೆಯಲ್ಲಿ ಮೀನಿಗೆ ಹೆಸರೇ ಇಲ್ಲ, ‘ಅದು’ ಅಂದರೆ ಸಾಕು. ಜತ್ತದ ಸಂತೆಯಲ್ಲಿ ಒಣಮೀನಿನ ಸಾಲು ಬಂದರೆ ಅತ್ತೆ ಮೂಗಿಗೆ ಸೆರಗು ಒತ್ತಿ ಸುತ್ತುಹಾಕಿ ಹೋಗುವವರು, ಮನೆಗೆ ಬಂದು ಸ್ನಾನ ಮಾಡುವವರು. ಆ ವಾಸನೆಯ ನಡುವೆ ಅವರು ಪೂಜೆ ಮಾಡುವುದು ಹೇಗೆ, ಒಂದು ತುತ್ತು ನುಂಗುವುದು ಹೇಗೆ? ಸಮುದ್ರದ ವಾಸನೆಯೇ ಹಾಗೆ ಅಂತ ಹೇಳಿಬಿಡು ಎಂದರು ನನ್ನ ಗಂಡ. ನಿಮ್ಮ ತಾಯಿಗೆ ಕಣ್ಣು ಹೋಗುತ್ತಿದೆ, ಮೂಗಲ್ಲ ಎಂದು ನಾನು ಕೂಗಾಡಿದೆ. ಅಡುಗೆಮನೆಯಲ್ಲಿ ಆಡಿದ ಮಾತು ಪಡಸಾಲೆಗೆ ಕೇಳುತ್ತದೆಂಬುದು ಸಿಟ್ಟಿನಲ್ಲಿ ಮರೆತೇಹೋಗಿತ್ತು.

ಮುಂದಿನ ಸಂತೆಗೆ ಅತ್ತೆ ನನ್ನ ಜೊತೆ ಬಂದರು. ಮೆಣಸಿನಕಾಯಿಯವಳ ಹತ್ತಿರ ಅವರನ್ನು ಕೂರಿಸಿ ಕಾಯಿಪಲ್ಯ ತರಲು ಹೋದೆ. ತಿರುಗಿ ಬಂದರೆ ಅವರಿಲ್ಲ. ಹುಡುಕುತ್ತ ಹೋದರೆ ಒಣಮೀನಿನ ಸಾಲಿನಲ್ಲಿ, ಮಾರುವ ಹೆಂಗಸಿನ ಪಕ್ಕದಲ್ಲೇ ಕೂತಿದ್ದಾರೆ. ಎರಡೂ ಕೈ ಮಡಿಲಲ್ಲಿ ಬಿಗಿಯಾಗಿದ್ದವು. ಓಕರಿಕೆ ಬರುವುದನ್ನು ತಡೆದು ತಡೆದು ಕಣ್ಣಿನಿಂದ ನೀರು ಸುರಿಯುತ್ತಿತ್ತು. ಸೆರಗು ಮಾತ್ರ ಮೂಗಿನ ಮೇಲೆ ಇರಲಿಲ್ಲ.

“ರೂಢಿ ಮಾಡ್ಕೊಳ್ಳಾಕತ್ತೀನಿ,” ಎಂದರು, ನನ್ನ ಹೆಜ್ಜೆ ಗುರುತಿಸಿ. “ನೀ ಆ ಜಾಗಾ ಹಿಡಿ. ಲಗೂನ ಹಿಡಿ.”

ಅಲ್ಲೇ ಸಂತೆಯಲ್ಲಿ ನಿಂತು ದೋಣಿಯವನಿಗೆ ಫೋನು ಮಾಡಿದೆ. ನನ್ನ ದನಿ ಕೇಳಿ ಯಾರಾದರೂ ತೀರಿಕೊಂಡರೇ ಎಂದು ಅವನು ಕೇಳಿದ.

ಹೋದೆವು. ಯುಗಾದಿ ಇನ್ನೂ ಬಂದಿರಲಿಲ್ಲ. ಹಾಯಿ ಬಿಚ್ಚಿದಾಗಿನಿಂದ ನನ್ನ ಗಂಡ ತಲೆಸುತ್ತಿ ಮಲಗಿದವರು ಏಳಲಿಲ್ಲ. ಅತ್ತೆ ಕೂತಲ್ಲಿಂದ ಅಲುಗಲಿಲ್ಲ. ಬಿಸಿಲು ಇಳಿಯುವ ಮೊದಲೇ ಆ ಬಂದರಿನಲ್ಲಿ ಲಂಗರು ಬಿತ್ತು. ವಾಸನೆ ಗಕ್ಕನೆ ಬಂದು ಹೊಡೆಯಿತು. ನಾನೇ ಮೂಗು ಮುಚ್ಚಿದೆ, ಅತ್ತೆ ಮುಚ್ಚಲಿಲ್ಲ. ಅವರನ್ನು ಕಿಂಡಿಯ ಕಡೆ ತಿರುಗಿಸಿ ಕೂರಿಸಿದೆ. ದೋಣಿಯವನು ಹೇಳಿದ್ದರಲ್ಲಿ ಒಂದೂ ಸುಳ್ಳಾಗಲಿಲ್ಲ. ಎರಡು ಗುಡ್ಡಗಳ ನಡುವೆ, ನೀರಿನಿಂದ ಒಂದು ಗೇಣು ಮೇಲೆ, ಸೂರ್ಯ ಇಡಿಯಾಗಿ ನಿಂತಿದ್ದ.

“ಎಲ್ಲಾ ಕಡಿ ಕೆಂಪ ಕಾಣಾಕತ್ತೇತಿ,” ಎಂದರು ಅತ್ತೆ. ಆಮೇಲೆ ಕೇಳಿದರು, “ಅಂವ ಎಲ್ಲಿ ಅದಾನವ್ವಾ?”

ಅವರ ತೋರುಬೆರಳು ಹಿಡಿದು ಸೂರ್ಯನ ಕಡೆಗೆ ಎತ್ತಿದೆ. ಅವನು ಇಳಿದಷ್ಟು ಬೆರಳನ್ನೂ ಇಳಿಸುತ್ತ ಹೋದೆ. ನೀರಿಗೆ ತಾಗಿದಾಗ ಒಂದು ಕ್ಷಣ ನಿಲ್ಲಿಸಿದೆ, ಮತ್ತೆ ಇಳಿಸಿದೆ. ಬೆರಳು ದೋಣಿಯ ಅಂಚಿಗೆ ಬಂದು ಮುಟ್ಟಿತು. ನೀರಾಗ ಹೋದನೇನು ಎಂದು ಕೇಳಿದರು. ಹೋದ ಎಂದೆ. ಅವರು ಬೆರಳನ್ನು ಅಲ್ಲಿಂದ ತೆಗೆಯಲಿಲ್ಲ, ನನ್ನ ಕೈಯನ್ನೂ ಬಿಡಲಿಲ್ಲ.