ನ್ಯಾಮತಿಯಲ್ಲಿ ನನ್ನೇಸಾಬರು ರಾಕೆಟ್ ಬಿಟ್ಟಿದ್ದು

ಹೊನ್ನಾಳಿ ಬಸ್‌ಸ್ಟ್ಯಾಂಡಿನ ಹಿಂದಿನ ಸಂದಿಯಲ್ಲಿ ನನ್ನೇಸಾಬರ ಸೈಕಲ್ ಶಾಪಿದೆ. ಹೊಸಬರು ಯಾರಾದರೂ ಗಾಳಿ ಹೊಡೆಸಲು ಹೋದರೆ ಸಾಬರು ಪಂಪು ಹಿಡಿದು ಬಲು ಗಂಭೀರವಾಗಿ, "ದಾವಣಗೆರೆ ಗಾಳಿ ಬೇಕೋ, ಶಿವಮೊಗ್ಗ ಗಾಳಿ ಬೇಕೋ?" ಎಂದು ಕೇಳುತ್ತಾರೆ. ಯಾವುದು ಒಳ್ಳೆಯದು ಅಂದರೆ, ಶಿವಮೊಗ್ಗದ್ದು ತಂಪು, ಆದರೆ ಬೇಗ ಇಳಿಯುತ್ತದೆ, ದಾವಣಗೆರೆಯದು ಸ್ವಲ್ಪ ಬಿಸಿ, ಆದರೆ ಗಟ್ಟಿ ಎಂದು ವಿವರಿಸುತ್ತಾರೆ. ಹಾಗಾದರೆ ದಾವಣಗೆರೆಯದೇ ಇರಲಿ ಅಂದವರಲ್ಲಿ ನಾನೂ ಒಬ್ಬ. ನಾನು ಚನ್ನಗಿರಿ ತಾಲ್ಲೂಕಿನಲ್ಲಿ ಹದಿನಾರು ವರ್ಷದಿಂದ ವಿಜ್ಞಾನ ಕಲಿಸುತ್ತಿರುವ ಮೇಷ್ಟ್ರು ಎಂಬುದನ್ನು ಇಲ್ಲಿ ಹೇಳದಿದ್ದರೇ ಚೆನ್ನಾಗಿತ್ತು.

ಸಾಬರು ಓದಿದ್ದು ಏಳನೇ ಕ್ಲಾಸಿನವರೆಗೆ. ಹೆಡ್‌ಮೇಷ್ಟ್ರ ಸೈಕಲ್ಲಿನ ಗಾಳಿಯನ್ನು ಮೂರು ದಿನ ತೆಗೆದು, ನಾಲ್ಕನೇ ದಿನ ಸಿಕ್ಕಿಬಿದ್ದರು. ಅವರಪ್ಪ ಹೊಡೆಯಲಿಲ್ಲ, ಬೈಯಲಿಲ್ಲ. ತೆಗೆಯಾಕೆ ಬರುತ್ತಲ್ಲ, ಹೊಡೆಯೋದನ್ನೂ ಕಲಿ ಎಂದು ಸೈಕಲ್ ಶಾಪಿಗೆ ಸೇರಿಸಿದರು. ಈಗ ಅವರಿಗೆ ಅರವತ್ತು ದಾಟಿದೆ. ಸೈಕಲ್ಲು ಕಡಿಮೆಯಾಗಿ ಬೈಕಿನ ಪಂಚರೇ ಹೆಚ್ಚು. ಕೀಟಲೆ ಮಾತ್ರ ಕಡಿಮೆಯಾಗಿಲ್ಲ.

ಅದೇ ಊರಿನ ಹೈಸ್ಕೂಲಿನ ಸಾಜಿದಾ ಟೀಚರ್ ಹೋದ ವರ್ಷ ಶಿಕ್ಷಕರ ಬಾಹ್ಯಾಕಾಶ ವಿಜ್ಞಾನ ತರಬೇತಿಗೆ ಆಯ್ಕೆಯಾದರು. ಹತ್ತು ದಿನ ಉಪಗ್ರಹ, ಕಕ್ಷೆ, ಇಂಧನ ಎಲ್ಲ ಕಲಿತು ಬಂದರು. ಕಲಿತವರು ಜಿಲ್ಲೆಯ ತಾಲ್ಲೂಕುಗಳ ಮೇಷ್ಟ್ರುಗಳಿಗೆ ಒಂದು ದಿನ ಕಲಿಸಬೇಕೆಂಬ ಕರಾರಿತ್ತು. ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರಿನಿಂದ ನಲವತ್ತು ಜನ ನ್ಯಾಮತಿಯಲ್ಲಿ ಸೇರುವುದೆಂದಾಯಿತು.

ಟೀಚರಿಗೆ ನೀರಿನ ರಾಕೆಟ್ ಹಾರಿಸಿ ತೋರಿಸುವ ಆಸೆ. ಪ್ಲಾಸ್ಟಿಕ್ ಬಾಟಲಿಗೆ ಒಂದಿಷ್ಟು ನೀರು ಹಾಕಿ, ಬಾಯಿಗೆ ಬಿರಡೆ ಬಿಗಿದು, ತಲೆಕೆಳಗೆ ನಿಲ್ಲಿಸಿ, ಬಿರಡೆಯ ತೂತಿನಿಂದ ಗಾಳಿ ಹೊಡೆಯಬೇಕು. ಗಾಳಿಯ ಒತ್ತಡ ಮಿತಿಮೀರಿದಾಗ ಬಿರಡೆ ಕಿತ್ತುಹೋಗಿ, ನೀರು ಕೆಳಕ್ಕೆ ಚಿಮ್ಮಿ, ಬಾಟಲಿ ಮೇಲಕ್ಕೆ ಹಾರುತ್ತದೆ. ಪುಸ್ತಕದಲ್ಲಿ ಹಾರುತ್ತದೆ. ಟೀಚರ ಹಿತ್ತಲಲ್ಲಿ ಮೂರು ಸಂಜೆಯೂ ಅದು ಎಂಜಲು ಉಗುಳಿದಂತೆ ಉಗುಳಿ ಅಡ್ಡಬಿತ್ತು. ನಾಲ್ಕನೇ ಸಂಜೆ ಟೀಚರ್ ಸಾಬರ ಶಾಪಿಗೆ ಬಂದರು.

ಎಷ್ಟು ಎತ್ತರ ಹೋಗಬೇಕು ಎಂದು ಸಾಬರು ಕೇಳಿದರು. ಶಾಲೆಯ ಬೇವಿನ ಮರದಷ್ಟು ಹೋದರೆ ಸಾಕು ಚಾಚಾ ಅಂದರು ಟೀಚರ್.

"ಬೇವಿನ ಮರ ಹತ್ತಾಕೆ ರಾಕೆಟ್ ಯಾಕೆ ಬೇಕು ಟೀಚರಮ್ಮ? ಇರುವೆನೂ ಹತ್ತತೈತೆ."

ಬಾಟಲಿಯ ಬಾಯಿಗೆ ಸರಿಹೊಂದುವ ರಬ್ಬರು ಎರಡು ದಿನ ಸಿಗಲಿಲ್ಲ. ಟ್ಯೂಬಿನದು ತೆಳು, ಟೈರಿನದು ಗಡಸು. ಮೂರನೇ ದಿನ ಸಾಬರ ಹೆಂಡತಿ ಅಖ್ತರ್‌ಬೀಯವರ ಒಂದು ನೀಲಿ ಹವಾಯಿ ಚಪ್ಪಲಿ ಕಾಣೆಯಾಯಿತು. ಅವರು ಪಕ್ಕದ ಮನೆಯ ನಾಯಿಯನ್ನು ಬೈದರು. ಸಾಬರೂ ಜೊತೆಗೆ ನಿಂತು ನಾಯಿಯನ್ನು ಇನ್ನೂ ಜೋರಾಗಿ ಬೈದರು. ಮರುದಿನ ಬಾಟಲಿ ಮನೆಯ ಹೆಂಚು ದಾಟಿ ಹಾರಿತು. ಕಾಲ ಬುಡದಲ್ಲಿ ಬಿದ್ದ ನೀಲಿ ಬಿರಡೆಯ ಗುರುತು ಹಿಡಿದ ಅಖ್ತರ್‌ಬೀ, ಹೊಸ ಜೊತೆ ಬರುವವರೆಗೂ ಚಹಾ ಇಲ್ಲ ಎಂದು ತೀರ್ಪು ಕೊಟ್ಟರು.

ತರಬೇತಿಯ ದಿನ ಸಾಬರು ಹಬ್ಬದ ಅಂಗಿ ತೊಟ್ಟು, ಪಂಪನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಟೀಚರ ಜೊತೆ ನ್ಯಾಮತಿಗೆ ಬಂದರು. ನಾವು ನಲವತ್ತು ಜನ ಇಂಥ ತರಬೇತಿ ಎಷ್ಟೋ ಕಂಡವರು. ಸಹಿ ಹಾಕುವುದು, ಉಪ್ಪಿಟ್ಟು ತಿನ್ನುವುದು, ಮೊಬೈಲ್ ನೋಡುವುದು, ಊಟಕ್ಕೆ ಏಳುವುದು. ಟೀಚರ್ ಚೆನ್ನಾಗಿಯೇ ಮಾತಾಡಿದರು. ಎಚ್ಚರ ಇದ್ದವರು ಕಡಿಮೆ. ಜಗಳೂರಿನ ಮರುಳಪ್ಪ ಮೇಷ್ಟ್ರು ಮಾತ್ರ ಕೈ ಎತ್ತುತ್ತಲೇ ಇದ್ದರು. ಉತ್ತರ ಗೊತ್ತಿರುವ ಪ್ರಶ್ನೆಗಳನ್ನೇ ಕೇಳುವುದು ಅವರ ಅಭ್ಯಾಸ.

ಊಟವಾದ ಮೇಲೆ ಮೈದಾನದಲ್ಲಿ ಟೀಚರ್ ಸಾಬರ ಪರಿಚಯ ಮಾಡಿಕೊಟ್ಟರು. ಸಾಬ್ರು ಎಷ್ಟು ಓದಿದ್ದಾರೆ ಎಂದು ಮರುಳಪ್ಪ ಕೇಳಿದರು.

"ಏಳನೇ ಕ್ಲಾಸು ರೀ. ಅದನ್ನೂ ಪೂರ್ತಿ ಓದಾಕೆ ಬಿಡಲಿಲ್ಲ."

ಎಲ್ಲರೂ ನಕ್ಕರು. ಮರುಳಪ್ಪ ಸ್ವಲ್ಪ ಹೆಚ್ಚೇ ನಕ್ಕರು. ಟೀಚರ ಮುಖ ಬಾಡಿತು. ಸಾಬರು ಮಾತ್ರ ಕೈ ಕಟ್ಟಿಕೊಂಡು, ತಾನು ಓದಿದವನಲ್ಲ, ನೀರು ಎಷ್ಟು ತುಂಬಬೇಕೆಂದು ತಿಳಿದವರೇ ಹೇಳಬೇಕು ಎಂದು ಕೇಳಿಕೊಂಡರು. ಮರುಳಪ್ಪ ಮುಂದೆ ಬಂದು, ಕೆಳಗೆ ಚಿಮ್ಮುವ ನೀರು ಹೆಚ್ಚಾದಷ್ಟೂ ಮೇಲೆ ತಳ್ಳುವ ಬಲ ಹೆಚ್ಚು, ಆದ್ದರಿಂದ ಬಾಟಲಿ ಭರ್ತಿ ತುಂಬಬೇಕು ಎಂದು ಹತ್ತು ನಿಮಿಷ ಪಾಠ ಮಾಡಿದರು. ಸಾಬರು ಪ್ರತಿ ಮಾತಿಗೂ ತಲೆಯಾಡಿಸಿದರು. ಸಾಜಿದಾ ಟೀಚರ್ ಏನೋ ಹೇಳಲು ಬಾಯಿ ತೆರೆದರು. ಸಾಬರು ಅವರತ್ತ ಒಮ್ಮೆ ನೋಡಿದರು. ಟೀಚರ್ ಬಾಯಿ ಮುಚ್ಚಿದರು. ಇದನ್ನು ಕಂಡವನು ನಾನೊಬ್ಬನೇ.

"ಹಂಗಾದ್ರೆ ನೀವೇ ಹಿಡ್ಕೊಳ್ರಿ ಸರ್," ಅಂದರು ಸಾಬರು. "ಓದಿದೋರ ಕೈಯಾಗಿದ್ರೆ ಅದಕ್ಕೂ ಧೈರ್ಯ."

ಮೂರೇ ಸಲ ಪಂಪು ಒತ್ತಿದ್ದು. ಬಿರಡೆ ಟಪ್ಪೆಂದು ಕಿತ್ತುಬಂತು. ಬಾಟಲಿ ಕದಲಲಿಲ್ಲ. ನೀರು ಮಾತ್ರ ಅಷ್ಟೂ ಮರುಳಪ್ಪನವರ ಇಸ್ತ್ರಿ ಮಾಡಿದ ಪ್ಯಾಂಟಿನ ಮೇಲೆ, ವಿವರಿಸಲು ಮುಜುಗರವಾಗುವ ಜಾಗದಲ್ಲಿ ಇಳಿಯಿತು. ನಲವತ್ತು ಜನಕ್ಕೂ ನಿದ್ದೆ ಬಿಟ್ಟುಹೋಯಿತು.

ಆಮೇಲೆ ಸಾಬರು ನೀರೇ ಹಾಕದೆ ಗಾಳಿ ಹೊಡೆದರು. ಬಾಟಲಿ ಕಪ್ಪೆಯ ಹಾಗೆ ಕುಪ್ಪಳಿಸಿ ಬಿತ್ತು. ಮೂರನೆಯ ಸಲ ಮೂರರಲ್ಲೊಂದು ಪಾಲು ನೀರು ಹಾಕಿ, ಕಬ್ಬಿಣದ ಸ್ಟ್ಯಾಂಡಿಗೆ ಸಿಕ್ಕಿಸಿ, ನಮ್ಮನ್ನೆಲ್ಲ ದೂರ ನಿಲ್ಲಿಸಿ, ಬೆವರಿಳಿಯುವವರೆಗೂ ಒತ್ತಿದರು. ಬಾಟಲಿ ಬುಸ್ಸೆಂದು ಎದ್ದು, ಶಾಲೆಯ ಸೂರು ದಾಟಿ, ತೆಂಗಿನ ಗರಿ ದಾಟಿ, ಹಿಂದಿನ ಮನೆಯ ಅಂಗಳದಲ್ಲಿ ಬಿತ್ತು. ಆ ಮನೆಯ ಸಾವಂತ್ರಮ್ಮ ಬಾಟಲಿ ಹಿಡಿದುಕೊಂಡು ಬಂದು, ಒಣಗಲು ಹಾಕಿದ್ದ ಮೆಣಸಿನಕಾಯಿ ಚೆಲ್ಲಾಪಿಲ್ಲಿಯಾಗಿದ್ದಕ್ಕೆ ಅಷ್ಟೂ ಮೇಷ್ಟ್ರುಗಳನ್ನು ಒಟ್ಟಿಗೇ ಬೈದರು. ಬೈದು ಮುಗಿದ ಮೇಲೆ, ಇನ್ನೊಂದು ಸಲ ಬಿಡ್ರಿ ನೋಡೋಣ ಎಂದು ಅಲ್ಲೇ ನಿಂತರು.

ಒದ್ದೆ ಪ್ಯಾಂಟಿನ ಮರುಳಪ್ಪ ಆಗ ಮೊದಲ ಬಾರಿಗೆ ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳಿದರು. ಭರ್ತಿ ತುಂಬಿದಾಗ ಯಾಕೆ ಹಾರಲಿಲ್ಲ?

"ಗಾಳಿಗೆ ಕೂರಾಕೆ ಜಾಗ ಬೇಕು ಸರ್. ನನಗೆ ಅಷ್ಟೇ ಗೊತ್ತು. ಮುಂದಿನದು ಟೀಚರಮ್ಮ ಹೇಳ್ತಾರೆ."

ಟೀಚರ್ ಹೇಳಿದರು. ಒತ್ತಿಹಿಡಿದ ಗಾಳಿಯೇ ನೀರನ್ನು ದೂಡುವುದು, ಗಾಳಿಗೆ ಜಾಗವಿಲ್ಲದಿದ್ದರೆ ದೂಡುವವರೇ ಇಲ್ಲ. ನಾವು ಬರೆದುಕೊಂಡೆವು. ಸಂಜೆಯವರೆಗೆ ಒಬ್ಬರೂ ಮೊಬೈಲ್ ತೆಗೆಯಲಿಲ್ಲ. ಪಂಪಿಗೆ ಪಾಳಿ ಹಚ್ಚಿದ್ದೆವು.

ಕೊನೆಗೆ ಸಾಬರಿಗೂ ಪ್ರಮಾಣಪತ್ರ ಕೊಟ್ಟರು. ಅದರಲ್ಲಿ 'ಸಂಪನ್ಮೂಲ ವ್ಯಕ್ತಿ' ಎಂದಿತ್ತು. ಸಾಬರು ನನ್ನನ್ನು ಅರ್ಥ ಕೇಳಿದರು. ಸಂಪತ್ತಿನ ಮೂಲ ಎಂದು ನಾನು ತಮಾಷೆಗೆ ಹೇಳಿದೆ. ಮನೆಯಲ್ಲಿ ತೋರಿಸಿದರೆ ಎಲ್ಲಿ ಬಚ್ಚಿಟ್ಟಿದ್ದೀರಿ ಎಂದು ಕೇಳುತ್ತಾರೆ ಅಂದರು. ಆದರೆ ಹೊನ್ನಾಳಿಯವರೆಗೂ ಅವರು ಬಸ್ಸಿನಲ್ಲಿ ಕೂರಲಿಲ್ಲ. ಕೂತರೆ ಕಾಗದ ಮಡಚೀತು ಎಂದು ಎರಡೂ ಕೈಯಲ್ಲಿ ಎದೆಗೆ ಹಿಡಿದುಕೊಂಡು, ಕಂಬಿಗೆ ಒರಗಿ ನಿಂತೇ ಬಂದರು.

ಎರಡು ತಿಂಗಳಾದ ಮೇಲೆ ಮರುಳಪ್ಪ ಜಗಳೂರಿನಿಂದ ಬಸ್ಸು ಬದಲಿಸಿ ಬದಲಿಸಿ ಶಾಪಿಗೆ ಬಂದರು. ಅವರ ಒಂಬತ್ತನೇ ಕ್ಲಾಸಿನ ಹುಡುಗಿಯರು ಸಾಬರಿಗೊಂದು ಪ್ರಶ್ನೆ ಬರೆದು ಕಳಿಸಿದ್ದರು: ಚಂದ್ರನ ಮೇಲೆ ಗಾಳಿ ಇಲ್ಲವಲ್ಲ, ಅಲ್ಲಿ ಪಂಪು ಒತ್ತಿದರೆ ಏನು ಬರುತ್ತದೆ?

ಸಾಬರು ಚೀಟಿಯನ್ನು ಎರಡು ಸಲ ಓದಿದರು. ಆಮೇಲೆ ಪಂಪಿಗೆ ಗಾಳಿ ಒಳಹೋಗುವ ದಾರಿಗೆ ರಬ್ಬರು ಬಿಗಿದು, ಮರುಳಪ್ಪನವರ ಕೈಗೆ ಕೊಟ್ಟು, ನಿಲ್ಲಿಸಿ ಅನ್ನುವವರೆಗೂ ಒತ್ತಿರಿ ಎಂದರು. ನಿಲ್ಲಿಸಿ ಅನ್ನಲು ಮರೆತವರಂತೆ ಒಂದು ಪಂಚರನ್ನೂ ಹಾಕಿ ಮುಗಿಸಿದರು.

"ಏನು ಬಂತು ಸರ್?"

"ಬೆವರು," ಅಂದರು ಮರುಳಪ್ಪ, ಏದುಸಿರು ಬಿಡುತ್ತ.

"ಅದನ್ನೇ ಬರ್ಕೊಳ್ರಿ. ಉತ್ತರ ಸರಿ ಐತೆ."

ಮರುಳಪ್ಪ ನಿಜವಾಗಿಯೂ ಬರೆದುಕೊಂಡರು. ಜಗಳೂರಿನ ಹುಡುಗಿಯರು ಈಗ ಇನ್ನೂ ಹನ್ನೊಂದು ಪ್ರಶ್ನೆ ಕಳಿಸಿದ್ದಾರಂತೆ.